ಪ್ರಣಯದ ವಕಾಲತ್ತು

ಹದಿನಾಲ್ಕು ಸಾಲುಗಳ ಪ್ರೇಮಕವಿತೆಯನ್ನು ಲೋಕಕ್ಕೆ ಕೊಟ್ಟವನು ಒಬ್ಬ ನೋಟರಿ ಎಂಬ ಸಂಗತಿ ಸಾಹಿತ್ಯಚರಿತ್ರೆಯ ಗ್ರಂಥಗಳಲ್ಲಿ ಅರ್ಧ ವಾಕ್ಯದಷ್ಟು ಸ್ಥಳವನ್ನು ಪಡೆದು ಅಲ್ಲಿಗೇ ಮುಗಿದುಹೋಗುತ್ತದೆ. ನನಗಾದರೋ ಅದು ಅಷ್ಟು ಸುಲಭವಾಗಿ ಮುಗಿಯತಕ್ಕ ಸಂಗತಿಯೆಂದು ತೋರುವುದಿಲ್ಲ. ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ, ಸಿಸಿಲಿಯಲ್ಲಿ, ಚಕ್ರವರ್ತಿ ಎರಡನೆಯ ಫ್ರೆಡರಿಕನ ಆಸ್ಥಾನದಲ್ಲಿ, ದಸ್ತಾವೇಜುಗಳನ್ನು ಬರೆಯುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದ ಜಾಕೊಮೊ ದ ಲೆಂಟೀನಿ ಎಂಬಾತನು, ತನ್ನ ಹೃದಯದ ತಾಪವನ್ನು ನಿರೂಪಿಸುವುದಕ್ಕೆ ಎಂಟು ಸಾಲು, ಅದರಿಂದ ಹೊರಡುವ ನಿರ್ಣಯವನ್ನು ನಿವೇದಿಸುವುದಕ್ಕೆ ಆರು ಸಾಲು, ಎಂದು ಅಳತೆ ಗೊತ್ತುಮಾಡಿಕೊಂಡನು. ಆಮೇಲಿನ ಶತಮಾನಗಳ ಯೂರೋಪು ತನ್ನ ಪ್ರಣಯದ ಬಹುಭಾಗವನ್ನು ಆ ಅಳತೆಯೊಳಗೇ ಮಡಿಸಿ ಇಟ್ಟಿತು. ದಾಂತೆ ತನ್ನ ಮಹಾಕಾವ್ಯದಲ್ಲಿ ಈತನನ್ನು ಸ್ಮರಿಸುವಾಗ ಹೆಸರನ್ನೇ ಎತ್ತದೆ ನೋಟರಿ ಎಂದಷ್ಟೇ ಕರೆಯುತ್ತಾನೆ. ಎಲ್ಲಿಯ ಪ್ರೇಮ, ಎಲ್ಲಿಯ ಮೊಹರು! ಆದರೂ ಈ ಎರಡಕ್ಕೂ ಇರುವ ನಂಟು ಆಕಸ್ಮಿಕವಾದುದಲ್ಲವೆಂದು ಈಚೆಗೆ ನನಗೆ ಮನವರಿಕೆಯಾಗಿದೆ. ಮನವರಿಕೆ ಮಾಡಿಕೊಟ್ಟದ್ದು ಲ್ಯೂಟ್ ಎಂಬ ಒಂದು ಹಳೆಯ ವಾದ್ಯ.

ಸುನೀತವೆಂದು ಕರೆಯುವ ಈ ಹದಿನಾಲ್ಕು ಸಾಲಿನ ಕವಿತೆಗಳನ್ನು ಗಟ್ಟಿಯಾಗಿ ಓದಿ, ಅವುಗಳ ಹಿಂದೆ ಮುಂದೆ ನಡುನಡುವೆ ಹದಿನಾರನೆಯ ಶತಮಾನದ ಲ್ಯೂಟ್ ಸಂಗೀತವನ್ನು ನುಡಿಸುವ ಪದ್ಧತಿಯೊಂದು ಪಶ್ಚಿಮದಲ್ಲಿ ಬೆಳೆದುಬಂದಿದೆ. ಅಂಥ ವಾಚನಗಳು ಅಲ್ಲಿಯ ಸಭಾಂಗಣಗಳಲ್ಲಿ ನಡೆಯುತ್ತವೆ. ನಮ್ಮಂಥ ದೂರದವರಿಗೆ ಧ್ವನಿಮುದ್ರಿಕೆಗಳಾಗಿ ಮನೆಯ ಜಗಲಿಗೇ ಬಂದು ತಲಪುತ್ತವೆ. ಕಣ್ಣಿನಿಂದ ಓದುವಾಗ ಹದಿನಾಲ್ಕು ಸಾಲೆಂಬುದು ಒಂದು ಲೆಕ್ಕವೇ ಅಲ್ಲ. ಪುಟದ ತುದಿಯಲ್ಲಿ ಆರಂಭಿಸಿದ ದೃಷ್ಟಿ ಬುಡವನ್ನು ಮುಟ್ಟುವ ಹೊತ್ತಿಗೆ, ಕವಿ ವರ್ಷಾನುಗಟ್ಟಲೆ ಕಾದು ಪಡೆದ ದುಃಖವನ್ನು ನಾವು ಅರ್ಧ ನಿಮಿಷದಲ್ಲಿ ಮುಗಿಸಿ, ಸಾವಧಾನವೆಂಬುದನ್ನೇ ಅರಿಯದ ಬೆರಳಿನಿಂದ ಮುಂದಿನ ಪುಟವನ್ನು ಹಿಡಿದಿರುತ್ತೇವೆ. ಕೇಳುವಾಗ ಆ ಸ್ವಾತಂತ್ರ್ಯ ನಮಗಿಲ್ಲ. ಮೊದಲು ಲ್ಯೂಟು ಏನನ್ನೋ ಹುಡುಕುವಂತೆ ನಾಲ್ಕಾರು ಸ್ವರಗಳನ್ನು ಮೀಟುತ್ತದೆ. ಆಮೇಲೆ ವಾದ್ಯ ನಿಂತು ಕಂಠ ಏಳುತ್ತದೆ. ಎಂಟನೆಯ ಸಾಲು ಮುಗಿಯುವಲ್ಲಿ ಓದುಗನು ಉಸಿರು ತೆಗೆದುಕೊಂಡಾಗ, ಆ ಬಿಡುವಿನಲ್ಲಿ ಒಂದೇ ಒಂದು ತಂತಿ ನುಡಿದು, ಇಲ್ಲಿಂದ ಮುಂದೆ ಮಾತಿನ ದಿಕ್ಕು ಬದಲಾಗುತ್ತದೆಂದು ಸೂಚನೆ ಕೊಡುತ್ತದೆ. ಆಗ ಕವಿತೆಯ ಒಳಗಿನ ಕೀಲುಗಳು ಒಂದೊಂದಾಗಿ ಕಿವಿಗೆ ಬೀಳತೊಡಗುತ್ತವೆ: ‘ಯಾವಾಗ’ ಎಂಬುದಕ್ಕೆ ‘ಆಗ’, ‘ಒಂದು ವೇಳೆ’ ಎಂಬುದಕ್ಕೆ ‘ಹಾಗಿದ್ದರೆ’, ‘ಆದರೂ’ ಎಂಬುದಕ್ಕೆ ‘ಆದ್ದರಿಂದ’. ಪುಟದ ಮೇಲೆ ನಿಟ್ಟುಸಿರಿನಂತೆ ಕಂಡದ್ದು ಕಿವಿಗೆ ಯುಕ್ತಿಯುಕ್ತವಾದ ಒಂದು ವಾದವಾಗಿ ಕೇಳಿಸುತ್ತದೆ.

ವಾದವಾಗಿರದೆ ಮತ್ತೇನಾದೀತು? ಆ ನೋಟರಿಯ ತರುವಾಯ ಸುನೀತಕ್ಕೆ ಸಾಮ್ರಾಜ್ಯವನ್ನು ಕಟ್ಟಿಕೊಟ್ಟ ಪೆಟ್ರಾರ್ಕನು (1304–1374) ಸ್ವತಃ ಒಬ್ಬ ನೋಟರಿಯ ಮಗ. ತಂದೆ ಅವನನ್ನು ಮೊದಲು ಮೊಂಪೆಲಿಯೆಗೂ ಅನಂತರ ಬೊಲೋನಕ್ಕೂ ಕಳುಹಿಸಿ ವರ್ಷಗಟ್ಟಲೆ ನ್ಯಾಯಶಾಸ್ತ್ರವನ್ನು ಓದಿಸಿದನು. ಹುಡುಗನು ಕಾನೂನಿನ ಹೊತ್ತಗೆಗಳ ಹಿಂದೆ ಕಾವ್ಯವನ್ನು ಅಡಗಿಸಿಟ್ಟುಕೊಂಡಿರುವುದು ಗೊತ್ತಾದಾಗ, ಅವನ್ನೆಲ್ಲ ಒಲೆಗೆ ಹಾಕಿ, ಮಗ ಗೋಳಿಡುವುದನ್ನು ನೋಡಲಾರದೆ, ಸುಟ್ಟುಹೋಗುತ್ತಿದ್ದ ವರ್ಜಿಲನನ್ನೂ ಸಿಸೆರೊನನ್ನೂ ಮಾತ್ರ ಬೆಂಕಿಯಿಂದ ಎಳೆದುಕೊಟ್ಟನೆಂದು ಪೆಟ್ರಾರ್ಕನೇ ಮುಪ್ಪಿನಲ್ಲಿ ಬರೆದ ಒಂದು ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಒಬ್ಬ ಕವಿ, ಒಬ್ಬ ವಕೀಲ: ಮಗನ ಮುಂದಿನ ಜೀವನಕ್ಕೆ ಬೇಕಾದ ಇಬ್ಬರನ್ನೂ ತಂದೆ ತನಗರಿವಿಲ್ಲದೆಯೇ ಉಳಿಸಿಕೊಟ್ಟಂತಾಯಿತು. ತಂದೆ ತೀರಿಕೊಂಡ ಮೇಲೆ ಪೆಟ್ರಾರ್ಕನು ನ್ಯಾಯಶಾಸ್ತ್ರವನ್ನು ಬಿಟ್ಟನು. ನ್ಯಾಯಶಾಸ್ತ್ರವು ಅವನನ್ನು ಬಿಟ್ಟಿತೆಂದು ನಾನು ಹೇಳಲಾರೆ. ಅವಿಞೋನ್ ನಗರದ ಸಂತ ಕ್ಲಾರಳ ದೇವಾಲಯದಲ್ಲಿ ಲಾರಾ ಎಂಬಾಕೆಯನ್ನು ಮೊದಲ ಸಲ ಕಂಡದ್ದು 1327ನೆಯ ಇಸವಿ ಏಪ್ರಿಲ್ 6ರ ಪ್ರಾತಃಕಾಲ; ಆಕೆ ಮರಣಹೊಂದಿದ್ದು 1348ರಲ್ಲಿ, ಮಹಾಮಾರಿಯ ವರ್ಷ, ಅದೇ ತಿಂಗಳು, ಅದೇ ತಾರೀಖು, ಅದೇ ಹೊತ್ತು. ಇದನ್ನು ಅವನು ತನ್ನ ವರ್ಜಿಲನ ಪ್ರತಿಯೊಂದರ ಆದಿಯ ಹಾಳೆಯಲ್ಲಿ ಸ್ವಹಸ್ತದಿಂದ ನಮೂದಿಸಿಟ್ಟನು. ಆ ಪ್ರತಿ ಇಂದಿಗೂ ಮಿಲಾನಿನ ಆಂಬ್ರೋಸಿಯನ್ ಗ್ರಂಥಾಲಯದಲ್ಲಿದೆ. ಪ್ರೇಯಸಿಯ ದರ್ಶನವನ್ನೂ ಮರಣವನ್ನೂ ಹೊತ್ತುಸಹಿತ ದಾಖಲೆ ಮಾಡುವ ಈ ಕೈ ಕವಿಯ ಕೈಯೂ ಹೌದು, ನೋಟರಿಯ ಮಗನ ಕೈಯೂ ಹೌದು.

ನಮ್ಮ ನೆರೆಮನೆಯಲ್ಲಿ ಒಬ್ಬ ವಕೀಲರಿದ್ದಾರೆ. ಸಿವಿಲ್ ವ್ಯಾಜ್ಯಗಳಲ್ಲಿ ತಲೆ ನರೆಸಿಕೊಂಡು ಈಗ ವಿಶ್ರಾಂತರಾಗಿರುವವರು. ಸಂಜೆಯ ಕಾಫಿಯ ಹೊತ್ತಿಗೆ ನಮ್ಮ ಜಗಲಿಯಲ್ಲಿ ಬಂದು ಕೂರುವುದು ಅವರ ವಾಡಿಕೆ. ಲ್ಯೂಟಿನ ಧ್ವನಿ ಅವರಿಗೆ ಮೊದಲ ದಿನವೇ ಹಿಡಿಸಿತು. ಓದುತ್ತಿದ್ದ ಪೆಟ್ರಾರ್ಕನ ಸುನೀತದ ತಾತ್ಪರ್ಯವನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದಂತೆ ಅವರ ಹುಬ್ಬು ಮೇಲೇರತೊಡಗಿತು.

“ಅಲ್ಲ ರಾಯರೇ, ಈ ಮನುಷ್ಯ ಕೇಳ್ತಿರೋದಾದರೂ ಏನು? ಫಿರ್ಯಾದು ಅಂದಮೇಲೆ ಕೊನೇಲಿ ಪ್ರಾರ್ಥನೆ ಅಂತ ಒಂದು ಪ್ಯಾರಾ ಇರಬೇಕಲ್ಲ?”

“ಆಕೆಯ ಕೃಪೆ ಬೇಕಂತೆ, ವಕೀಲರೇ.”

“ಆಕೆ ಏನಂತಾಳೆ?”

“ಆಕೆ ಏನೂ ಅನ್ನುವುದಿಲ್ಲ. ಪುಸ್ತಕದಲ್ಲಿ ಒಟ್ಟು 366 ಪದ್ಯಗಳಿವೆ, ಅದರಲ್ಲಿ 317 ಸುನೀತಗಳು. ಎಲ್ಲವನ್ನೂ ಇವನೇ ಹೇಳುತ್ತಾನೆ.”

“ಹಾಗಾದರೆ ಎಲ್ಲಾ ಎಕ್ಸ್‌ಪಾರ್ಟಿ ಅನ್ನಿ,” ಎಂದು ಅವರು ಕಾಫಿಯ ಲೋಟವನ್ನು ಕೆಳಗಿಟ್ಟರು. “ಸಮನ್ಸ್ ಸರಿಯಾಗಿ ಜಾರಿಯಾಗಿದೆಯೋ ಇಲ್ಲವೋ ಅದನ್ನ ಮೊದಲು ನೋಡಬೇಕು.”

ಅವರು ಅಷ್ಟಕ್ಕೇ ಬಿಡಲಿಲ್ಲ. ಲಾರಾಳನ್ನು ತಾನು ಕಂಡದ್ದು ಕ್ರಿಸ್ತನು ಶಿಲುಬೆಗೇರಿದ ದಿವಸವೆಂದು ಪೆಟ್ರಾರ್ಕನು ತನ್ನ ಕವಿತೆಯಲ್ಲಿ ಸಾರುತ್ತಾನಲ್ಲವೆ? ಆದರೆ 1327ರಲ್ಲಿ ಶುಭಶುಕ್ರವಾರ ಬಿದ್ದದ್ದು ಏಪ್ರಿಲ್ 10ರಂದು. 6ನೆಯ ತಾರೀಖು ಆ ವಾರದ ಸೋಮವಾರ. ಈ ವ್ಯತ್ಯಾಸವನ್ನು ನಾನು ಹೇಳಿದ್ದೇ ತಡ, ವಕೀಲರು ಎಳೆಯ ಸಾಕ್ಷಿಯೊಬ್ಬನು ಕಟಕಟೆಯಲ್ಲಿ ತಡವರಿಸಿದುದನ್ನು ಕಂಡಷ್ಟು ಸಂತೋಷಪಟ್ಟರು. ವಿದ್ವಾಂಸರು ಇದಕ್ಕೆ ಸಮಾಧಾನ ಹೇಳದೆ ಇಲ್ಲ: ಶಿಲುಬೆಯ ದಿನದ ಚಾಂದ್ರ ತಿಥಿ ಬೇರೆ, ಪಂಚಾಂಗದ ತಾರೀಖು ಬೇರೆ, ಎಂದು ಮೊದಲಾಗಿ. ನನಗೆ ಆ ಸಮಾಧಾನಗಳಿಗಿಂತ ಆ ವ್ಯತ್ಯಾಸವೇ ಹೆಚ್ಚು ಪ್ರಿಯವಾದುದು. ತಾರೀಖನ್ನು ನಮೂದಿಸಿದಾಗ ಆತನು ನೋಟರಿಯ ಮಗ. ಆ ತಾರೀಖಿಗೆ ಶುಕ್ರವಾರವನ್ನು ತಂದು ಜೋಡಿಸಿದಾಗ ವಕೀಲ. ಕಕ್ಷಿಗೆ ಅನುಕೂಲವಾಗುವುದಾದರೆ ವಾರವೇನು, ಗ್ರಹಗತಿಯೂ ಬದಲಾದೀತು.

ಇಂಥ ವಾದಕ್ಕೆ ಲ್ಯೂಟು ಹೇಗೆ ಜೊತೆಯಾಯಿತೆಂಬುದನ್ನು ಹೇಳುವ ಮೊದಲು ಆ ವಾದ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅರಬರ ಊದ್ ಎಂಬ ವಾದ್ಯವು ಸ್ಪೇನ್ ಸಿಸಿಲಿಗಳ ಮಾರ್ಗವಾಗಿ ಯೂರೋಪನ್ನು ಸೇರಿ ಅಲ್ಲಿಯ ಲ್ಯೂಟಾಯಿತು. ಉದ್ದಕ್ಕೆ ಸೀಳಿದ ಸೋರೆಬುರುಡೆಯಂತಿರುವ ಅದರ ಬೆನ್ನು ಒಂದೇ ಮರದಲ್ಲಿ ಕೊರೆದದ್ದಲ್ಲ. ಯೂ ಅಥವಾ ಮೇಪಲ್ ಮರದ ತೆಳುಪಟ್ಟಿಗಳನ್ನು ಕಾಯಿಸಿ ಬಾಗಿಸಿ ಅಂಚಿಗೆ ಅಂಚು ಅಂಟಿಸಿದ್ದು. ಎದುರಿನ ಹಲಗೆ ಸ್ಪ್ರೂಸ್ ಮರದ್ದು, ಒಂದೂವರೆ ಮಿಲಿಮೀಟರಿನ ಆಸುಪಾಸಿನ ದಪ್ಪ. ಅದರ ನಡುವೆ ನಾದ ಹೊರಬರಲು ರಂಧ್ರವೊಂದನ್ನು ಸುಮ್ಮನೆ ತೆರೆದಿಡದೆ, ಹಲಗೆಯಲ್ಲೇ ಬಳ್ಳಿಬಳ್ಳಿಯಾಗಿ ಜಾಲಂಧ್ರವನ್ನು ಕೆತ್ತಿರುತ್ತಾರೆ. ಇಷ್ಟು ದೊಡ್ಡ ಒಡಲಿನ ವಾದ್ಯವನ್ನು ಕೈಯಲ್ಲಿ ಎತ್ತಿಕೊಂಡವರು ಅದರ ಹಗುರವನ್ನು ಕಂಡು ಬೆರಗಾಗುತ್ತಾರೆ. ಕುತ್ತಿಗೆಯ ತುದಿಯಲ್ಲಿ ಬಿರಡೆಗಳ ತಲೆ ಹಿಂದಕ್ಕೆ ಮುರಿದಂತೆ ಬಾಗಿರುತ್ತದೆ. ಮೆಟ್ಟಿಲುಗಳು ಕೂಡ ಲೋಹದವಲ್ಲ. ಕುರಿಯ ಕರುಳಿನ ತಂತಿಯನ್ನೇ ಕುತ್ತಿಗೆಗೆ ಸುತ್ತಿ ಗಂಟುಹಾಕಿದವು. ನುಡಿಸುವ ತಂತಿಗಳೂ ಕರುಳಿನವೇ. ಅತ್ಯುಚ್ಚ ಸ್ಥಾಯಿಯ ತಂತಿ ಒಂಟಿ, ಮಿಕ್ಕವೆಲ್ಲ ಜೋಡಿ ಜೋಡಿ. ಹದಿನಾರನೆಯ ಶತಮಾನದ ಆದಿಯಲ್ಲಿ ಆರು ಶ್ರೇಣಿ, ಮುಂದೆ ಏಳು, ಎಂಟು, ಒಂಬತ್ತು. ಹದಿನೈದನೆಯ ಶತಮಾನದ ಕೊನೆಯವರೆಗೂ ಗರಿಯಿಂದ ಮೀಟುತ್ತಿದ್ದವರು ಆಮೇಲೆ ಗರಿಯನ್ನು ಬಿಟ್ಟು ಬೆರಳ ತುದಿಯ ಮಾಂಸದಿಂದ ಮೀಟತೊಡಗಿದರು. ಆಗ ಒಂದೇ ವಾದ್ಯದಲ್ಲಿ ಎರಡು ಮೂರು ಧ್ವನಿಗಳು ಒಟ್ಟಿಗೆ ಸಂಭಾಷಿಸುವುದು ಸಾಧ್ಯವಾಯಿತು.

ಇಂಥ ಸುಕುಮಾರಿಯ ಸಂಸಾರವೇನೂ ಸುಲಭದ್ದಲ್ಲ. ಹವೆ ಸ್ವಲ್ಪ ತೇವವಾದರೆ ಕರುಳು ಸಡಿಲುತ್ತದೆ, ಒಣಗಿದರೆ ಬಿಗಿದು ಹರಿಯುತ್ತದೆ. ಎಂಬತ್ತು ವರ್ಷ ಬದುಕಿದ ಲ್ಯೂಟ್ ವಾದಕನು ಅದರಲ್ಲಿ ಅರುವತ್ತು ವರ್ಷಗಳನ್ನು ಶ್ರುತಿ ಕೂಡಿಸುವುದರಲ್ಲಿಯೇ ಕಳೆದಿರುತ್ತಾನೆಂದು ಜರ್ಮನಿಯ ಮಾಟೆಸನ್ ಎಂಬ ಸಂಗೀತಶಾಸ್ತ್ರಜ್ಞನು ಹದಿನೆಂಟನೆಯ ಶತಮಾನದಲ್ಲಿ ಹಾಸ್ಯಮಾಡಿದನು. ಅವನಿಗಿಂತ ಮೊದಲು, 1676ರಲ್ಲಿ, ಇಂಗ್ಲೆಂಡಿನ ಥಾಮಸ್ ಮೇಸ್ ಎಂಬ ವೃದ್ಧ ವಾದಕನು ಬರೆದ ಗ್ರಂಥದಲ್ಲಿ ಲ್ಯೂಟನ್ನು ತೇವದಿಂದ ಕಾಪಾಡುವ ಉಪಾಯವೊಂದು ಹೇಳಲ್ಪಟ್ಟಿದೆ: ರಾತ್ರಿ ಯಾರಾದರೂ ನಿಯತವಾಗಿ ಮಲಗುವ ಹಾಸಿಗೆಯಲ್ಲಿ, ಹಗಲು ಹೊತ್ತು, ಕಂಬಳಿಗೂ ಮೇಲುಹೊದಿಕೆಗೂ ನಡುವೆ ಅದನ್ನು ಮಲಗಿಸಿಡಬೇಕಂತೆ, ಮನೆಯವರು ಮಾತ್ರ ಅರಿಯದೆ ಆ ಹಾಸಿಗೆಯ ಮೇಲೆ ಧಡಾರನೆ ಬೀಳದಂತೆ ಎಚ್ಚರಿಕೆ ವಹಿಸಬೇಕಂತೆ. ಲ್ಯೂಟನ್ನು ಸಾಕುವುದು ಕುದುರೆಯನ್ನು ಸಾಕಿದಷ್ಟೇ ಖರ್ಚಿನದೆಂಬ ಲೋಕಾಪವಾದಕ್ಕೂ ಅವನು ಶ್ರಮವಹಿಸಿ ಉತ್ತರ ಕೊಟ್ಟಿದ್ದಾನೆ. ಇಷ್ಟು ಆರೈಕೆಯನ್ನು ಪಡೆದ ವಾದ್ಯವು ಪ್ರತಿಯಾಗಿ ಕೊಡುವುದೇನು? ಮೀಟಿದ ಕ್ಷಣದಿಂದಲೇ ಕ್ಷೀಣಿಸತೊಡಗುವ ನಾದ. ಕೊಳಲಿನಂತೆ ಅದು ಸ್ವರವನ್ನು ಹಿಡಿದು ನಿಲ್ಲಿಸಲಾರದು, ಪಿಟೀಲಿನಂತೆ ಎಳೆಯಲಾರದು. ಆಡಿದ ಮಾತಿನ ಗತಿಯೂ ಅದೇ ಅಲ್ಲವೆ? ಆದ್ದರಿಂದಲೇ ಲ್ಯೂಟಿನ ಪಕ್ಕದಲ್ಲಿ ನಿಂತು ಮಾತನಾಡುವವನು ಗಂಟಲನ್ನು ಎತ್ತರಿಸಬೇಕಾದ ಪ್ರಮೇಯವಿಲ್ಲ. ವಾದ್ಯವು ತಾನಾಗಿಯೇ ಹಿಂದೆ ಸರಿದು ಮಾತಿಗೆ ಸ್ಥಳ ಬಿಟ್ಟುಕೊಡುತ್ತದೆ.

ಈ ಎರಡರ ಸಹವಾಸ ಇಂದು ನೆನ್ನೆಯದಲ್ಲ. ಪೆಟ್ರಾರ್ಕನ ಬಳಿಯೇ ಒಂದು ಲ್ಯೂಟು ಇತ್ತು; 1370ರಲ್ಲಿ ಬರೆಸಿದ ಮರಣಶಾಸನದಲ್ಲಿ, ಚಳಿಗಾಲದ ರಾತ್ರಿಗಳಲ್ಲಿ ಓದುತ್ತ ಕುಳಿತುಕೊಳ್ಳುವಾಗ ತೊಡುವ ನಿಲುವಂಗಿಗೆಂದು ಗೆಳೆಯ ಬೊಕಾಚೊನಿಗೆ 50 ಫ್ಲಾರಿನ್ ನಾಣ್ಯಗಳನ್ನು ಬಿಟ್ಟ ಹಾಗೆಯೇ, ಆ ಲ್ಯೂಟನ್ನು ಫೆರಾರದ ಮಿತ್ರನೊಬ್ಬನಿಗೆ ಬಿಟ್ಟು, ಅದನ್ನು ನಶ್ವರವಾದ ಲೋಕದ ಬೆಡಗಿಗಾಗಿ ನುಡಿಸದೆ ದೇವರ ಸ್ತುತಿಗಾಗಿ ನುಡಿಸತಕ್ಕದ್ದೆಂದು ಷರತ್ತಿನಂತೆ ಸೂಚಿಸಿದನು. ಲಾರಾಳ ಮೇಲಿನ ಸುನೀತಗಳಿಗೆ ಎಷ್ಟೋ ಸಂಜೆ ಸಾಕ್ಷಿಯಾಗಿದ್ದಿರಬಹುದಾದ ವಾದ್ಯಕ್ಕೆ ಕಡೆಗಾಲದಲ್ಲಿ ಸಂನ್ಯಾಸ ಕೊಡಿಸಿದ ಈ ವಾಕ್ಯವನ್ನು ಕೇಳಿ ನಮ್ಮ ವಕೀಲರು, ಷರತ್ತು ಉಲ್ಲಂಘನೆಯಾದರೆ ಆಸ್ತಿ ಯಾರಿಗೆ ಹೋಗತಕ್ಕದ್ದೆಂದು ಬರೆಯದೆ ಇದ್ದುದು ದೊಡ್ಡ ಲೋಪವೆಂದರು.

ಶತಮಾನವೊಂದು ಕಳೆದು ಅಚ್ಚಿನ ಕಾಲ ಬಂದಾಗ ವೆನಿಸ್ ಪಟ್ಟಣವು ಈ ಸಹವಾಸಕ್ಕೆ ಮನೆಯಾಯಿತು. 1501ರಲ್ಲಿ ಆಲ್ಡಸನ ಮುದ್ರಣಾಲಯವು, ಬೆಂಬೊ ಪರಿಷ್ಕರಿಸಿದ ಪೆಟ್ರಾರ್ಕನನ್ನು ಕೈಯಲ್ಲಿ ಹಿಡಿದು ತಿರುಗಾಡಬಹುದಾದಷ್ಟು ಚಿಕ್ಕ ಆಕಾರದಲ್ಲಿ ಪ್ರಕಟಿಸಿತು. 1507ರಲ್ಲಿ ಅದೇ ಪಟ್ಟಣದ ಪೆಟ್ರೂಚಿ ಲ್ಯೂಟ್ ಸಂಗೀತದ ಮೊತ್ತಮೊದಲ ಅಚ್ಚುಪುಸ್ತಕವನ್ನು ಹೊರಡಿಸಿದನು. ಇವೆರಡರ ನಡುವೆ, 1505ರಲ್ಲಿ, ಪೆಟ್ರೂಚಿಯ ಹಾಡುಗಳ ಸಂಪುಟವೊಂದರಲ್ಲಿ ಒಂದು ವಿಚಿತ್ರವಾದ ವಸ್ತು ಕಾಣಿಸಿಕೊಳ್ಳುತ್ತದೆ: ಯಾವ ಸುನೀತವನ್ನಾದರೂ ಹಾಡಿಕೊಳ್ಳಲು ಒದಗುವ ಒಂದು ಮಟ್ಟು. ಅದಕ್ಕೆ ಗೊತ್ತಾದ ಸಾಹಿತ್ಯವೆಂಬುದೇ ಇಲ್ಲ; ನಮೂನೆಯ ಫಾರಮಿನಂತೆ ಸಿದ್ಧವಾಗಿದೆ, ಪ್ರೇಮಿಯು ತನ್ನ ಹದಿನಾಲ್ಕು ಸಾಲುಗಳನ್ನು ತುಂಬಿಕೊಳ್ಳತಕ್ಕದ್ದು. 1509ರಲ್ಲಿ ಬೊಸ್ನಿಯದ ಫ್ರಾನ್ಸಿಸ್ ಎಂಬ ಸಂಗೀತಗಾರನು ಒಂದು ಕಂಠಕ್ಕೂ ಒಂದು ಲ್ಯೂಟಿಗೂ ಹೊಂದುವಂತೆ ಹಾಡುಗಳನ್ನು ಅಳವಡಿಸಿ, ಯಾವ ಹಾಡಿನ ಮುಂಚೆ ಯಾವ ಆಲಾಪವನ್ನು ನುಡಿಸಬೇಕೆಂಬುದನ್ನು ಅಕ್ಷರದ ಗುರುತು ಹಾಕಿ ತೋರಿಸಿದನು. ಫ್ರಾನ್ಸಿನಲ್ಲಿ 1552ರಲ್ಲಿ ರೊನ್ಸಾರನ ಪ್ರೇಮಸುನೀತಗಳ ಸಂಪುಟಕ್ಕೆ ಸಂಗೀತದ ಅನುಬಂಧವೊಂದನ್ನು ಸೇರಿಸಿ, ಇಂಥ ಮಟ್ಟಿಗೆ ಇಂಥಿಂಥ ಸುನೀತಗಳು ಸಲ್ಲುತ್ತವೆಂದು ಪಟ್ಟಿ ಕೊಟ್ಟರು. ಒಂದೇ ಮಟ್ಟು ಅನೇಕ ಸುನೀತಗಳಿಗೆ ಸಾಲುವುದೆಂದಮೇಲೆ ಅಲ್ಲಿ ಯಜಮಾನಿಕೆ ಯಾರದು? ನಿಸ್ಸಂಶಯವಾಗಿ ಮಾತಿನದೇ, ಸಂಗೀತವು ಮಾತನ್ನು ಹೊತ್ತು ತಂದು ಇಳಿಸಿ, ತಾನು ಬದಿಯಲ್ಲಿ ನಿಲ್ಲತಕ್ಕದ್ದು.

ಇಷ್ಟರಲ್ಲಿ, ಇಷ್ಟು ಕಾಲವೂ ಗೈರುಹಾಜರಾಗಿದ್ದ ಪ್ರತಿವಾದಿಯು ನ್ಯಾಯಸ್ಥಾನವನ್ನು ಪ್ರವೇಶಿಸುತ್ತಾಳೆ. ವೆನಿಸಿನಲ್ಲಿ ಗಾಸ್ಪಾರ ಸ್ಟಾಂಪ ಎಂಬಾಕೆ, ಗಾಯನದಿಂದ ಪ್ರಖ್ಯಾತಳಾದವಳು, ತನ್ನನ್ನು ಬಿಟ್ಟುಹೋದ ಪ್ರಿಯನ ಮೇಲೆ ಬರೆದ ಸುನೀತಗಳು ಆಕೆ ತೀರಿಕೊಂಡ 1554ರಲ್ಲಿಯೇ ಅಚ್ಚಾದುವು. ಮರುವರ್ಷ ಲಿಯೋನ್ ನಗರದಲ್ಲಿ ಲೂಯಿಸ್ ಲಾಬೆಯ ಕೃತಿಗಳು ಹೊರಬಂದವು. ಈಕೆಯ ತಂದೆಯೂ ಹಗ್ಗದ ಕಸುಬಿನವನು, ಗಂಡನೂ ಹಗ್ಗದ ಕಸುಬಿನವನು. ಬರೆದ ಸುನೀತಗಳು ಕೇವಲ 24. ಸ್ತ್ರೀಯರು ಕದಿರು ಕೋಲುಗಳಿಂದ ಮನಸ್ಸನ್ನು ಸ್ವಲ್ಪ ಮೇಲಕ್ಕೆತ್ತಿ ವಿದ್ಯೆಯ ಕಡೆಗೆ ತಿರುಗಿಸಬೇಕೆಂದು ಆಕೆ ತನ್ನ ಪುಸ್ತಕದ ಅರ್ಪಣಪತ್ರದಲ್ಲಿ ಬರೆದಿದ್ದಾಳೆ. ಆ ಇಪ್ಪತ್ತನಾಲ್ಕರಲ್ಲಿ ಹನ್ನೆರಡನೆಯದು ನೇರವಾಗಿ ಲ್ಯೂಟನ್ನೇ ಸಂಬೋಧಿಸಿದ್ದು: ತನ್ನ ವಿಪತ್ತಿನ ಸಂಗಾತಿಯಾದ ಆ ವಾದ್ಯವನ್ನು ಆಕೆ, ಎದುರು ಪಕ್ಷದವರು ಆಕ್ಷೇಪಿಸಲಾಗದ ಸಾಕ್ಷಿಯನ್ನಾಗಿ ಕರೆದು ನಿಲ್ಲಿಸುತ್ತಾಳೆ. ಸಾಕ್ಷಿಯ ನಡತೆಯೂ ನೋಡತಕ್ಕದ್ದು. ಆಕೆ ಉಲ್ಲಾಸದ ಸ್ವರವೊಂದನ್ನು ನುಡಿಸಲೆತ್ನಿಸಿದರೂ, ಬಹುಕಾಲ ಅಳುವನ್ನೇ ಕೇಳಿ ಅದೇ ರೂಢಿಯಾದ ವಾದ್ಯವು ಶೋಕದ ಕಡೆಗೇ ಹೊರಳುತ್ತದೆಂದು ದೂರು. ಒಡತಿಯ ಹೇಳಿಕೆಯನ್ನು ಒಪ್ಪದ ಸಾಕ್ಷಿ! ಧ್ವನಿಮುದ್ರಿಕೆಯಲ್ಲಿ ಈ ಸುನೀತವನ್ನು ಓದಿದ ಹೆಂಗಸು ಒಂದು ಸಾಲಿನಲ್ಲೂ ಕಂಠವನ್ನು ನಡುಗಿಸದೆ, ಕೈಹಿಡಿದವರೊಡನೆ ಲೆಕ್ಕ ಕೇಳುವ ಧಾಟಿಯಲ್ಲಿ ಓದಿದಳು. ಅವಳು ನಿಲ್ಲಿಸಿದ ಮೇಲೆ ಲ್ಯೂಟು ತಾನು ಏನು ಹೇಳಬೇಕೋ ಅದನ್ನು ಮಂದ್ರದ ಜೋಡಿತಂತಿಯಲ್ಲಿ ಹೇಳಿತು. ನಮ್ಮ ವಕೀಲರು ಬಹಳ ಹೊತ್ತು ಸುಮ್ಮನಿದ್ದು, “ಇದು ಕ್ಲೀನ್ ಎವಿಡೆನ್ಸು” ಎಂದರು.

ಇಂಗ್ಲೆಂಡಿಗೆ ಬಂದರೆ ಅಲ್ಲಿ ನ್ಯಾಯಸ್ಥಾನದ ವಾಸನೆ ಇನ್ನೂ ಬಲವಾಗಿದೆ. 1609ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ 154 ಸುನೀತಗಳಲ್ಲಿ ಗುತ್ತಿಗೆ, ಅಡಮಾನ, ಸನ್ನದು, ಜಾಮೀನುಗಳ ಮಾತು ಮತ್ತೆ ಮತ್ತೆ ಬರುತ್ತದೆ. ನಲವತ್ತಾರನೆಯದರಲ್ಲಂತೂ ಕಣ್ಣಿಗೂ ಹೃದಯಕ್ಕೂ ಪ್ರಿಯನ ರೂಪದ ಸ್ವಾಮ್ಯದ ಬಗ್ಗೆ ದಾವೆ ಹೂಡಲ್ಪಟ್ಟು, ಆಲೋಚನೆಗಳೆಂಬ ಪಂಚರು ಕುಳಿತು ವಿಚಾರಿಸಿ, ಹೊರರೂಪ ಕಣ್ಣಿಗೆ ಒಳಪ್ರೀತಿ ಹೃದಯಕ್ಕೆ ಎಂದು ಪಾಲು ಮಾಡಿಕೊಡುತ್ತಾರೆ. ಎಂಟನೆಯದರಲ್ಲಿ ಮದುವೆಯೊಲ್ಲದ ತರುಣನಿಗೆ ಬುದ್ಧಿ ಹೇಳುತ್ತ ಕವಿಯು, ಒಂದನ್ನು ಮೀಟಿದರೆ ಇನ್ನೊಂದು ಗಂಡಹೆಂಡಿರಂತೆ ಸ್ಪಂದಿಸುವ ತಂತಿಗಳನ್ನು ನಿದರ್ಶನವಾಗಿ ಹಿಡಿಯುತ್ತಾನೆ; ಲ್ಯೂಟಿನ ಜೋಡಿ ತಂತಿಗಳನ್ನು ಬಲ್ಲವರಿಗೆ ಇದು ಅಲಂಕಾರವಾಗಿ ಕೇಳಿಸದೆ ಕಣ್ಣೆದುರಿನ ಪುರಾವೆಯಾಗಿಯೇ ಕೇಳಿಸುತ್ತದೆ. ಅದೇ ಕಾಲದಲ್ಲಿ ರಿಚರ್ಡ್ ಬಾರ್ನ್‌ಫೀಲ್ಡ್ ಎಂಬ ಕವಿ, ಸಂಗೀತ ಕಾವ್ಯಗಳೆರಡೂ ಒಡಹುಟ್ಟುಗಳೆಂದು ಒಂದು ಸುನೀತವನ್ನು ಬರೆದು, ಲ್ಯೂಟಿನಲ್ಲಿ ಡೌಲೆಂಡನನ್ನೂ ಕಾವ್ಯದಲ್ಲಿ ಸ್ಪೆನ್ಸರನನ್ನೂ ಹೊಗಳಿದನು. 1599ರಲ್ಲಿ ಪುಸ್ತಕವ್ಯಾಪಾರಿಯೊಬ್ಬನು ಅದನ್ನೇ ಷೇಕ್ಸ್‌ಪಿಯರನ ಹೆಸರಿನ ಸಂಕಲನದೊಳಗೆ ಸೇರಿಸಿ ಮಾರಿದನು. ಅನ್ಯರ ದಸ್ತಾವೇಜಿಗೆ ಸಿರಿವಂತನ ರುಜು ಬಿದ್ದಂತಾಯಿತು.

ಆ ಜಾನ್ ಡೌಲೆಂಡನು (1563–1626) ಲ್ಯೂಟಿನ ಇತಿಹಾಸದಲ್ಲಿ ಅಳುವಿನ ಅಧಿಪತಿ. 1594ರಲ್ಲಿ ಎಲಿಜಬೆತ್ ರಾಣಿಯ ಆಸ್ಥಾನದಲ್ಲಿ ಕೆಲಸವೊಂದು ತೆರವಾದಾಗ ಅರ್ಜಿ ಹಾಕಿಕೊಂಡು ನಿರಾಶನಾಗಿ ದೇಶಾಂತರ ಹೋದನು. 1598ರಿಂದ ಡೆನ್ಮಾರ್ಕಿನ ದೊರೆಯ ಬಳಿ ದೊಡ್ಡ ಸಂಬಳಕ್ಕಿದ್ದನು. ಸ್ವದೇಶದ ಅರಮನೆಯ ಬಾಗಿಲು ಅವನಿಗೆ ತೆರೆದದ್ದು 1612ರಲ್ಲಿ, ರಾಣಿ ಹೋಗಿ ದೊರೆ ಜೇಮ್ಸ್ ಬಂದ ಮೇಲೆ. ಅವನ ‘ಲಾಕ್ರಿಮೆ’ ಎಂಬ ರಚನೆ ನಾಲ್ಕು ಸ್ವರಗಳ ಅವರೋಹಣದಿಂದ ಆರಂಭವಾಗುತ್ತದೆ. ನಮ್ಮ ಕಿವಿಗೆ ಅದು ನಟಭೈರವಿಯಲ್ಲಿ ತಾರಷಡ್ಜದಿಂದ ಪಂಚಮಕ್ಕೆ ಇಳಿಯುವ ಸನಿದಪ. ಯೂರೋಪು ಆ ನಾಲ್ಕು ಸ್ವರಗಳನ್ನು ಕಣ್ಣೀರ ಹನಿಯೆಂದು ಅಂಗೀಕರಿಸಿತು. 1604ರಲ್ಲಿ ಅವನೇ ಅದನ್ನು ಏಳು ಕಣ್ಣೀರುಗಳಾಗಿ ವಿಸ್ತರಿಸಿ, ವಯಲ್ ವಾದ್ಯಗಳಿಗೂ ಲ್ಯೂಟಿಗೂ ಬರೆದು, ರಾಣಿಯೊಬ್ಬಳಿಗೆ ಅರ್ಪಿಸಿ ಅಚ್ಚುಹಾಕಿಸಿದನು. ಆ ಕಣ್ಣೀರಿನಲ್ಲಿ ಪ್ರಣಯದ್ದೆಷ್ಟು, ಉದ್ಯೋಗದ್ದೆಷ್ಟು ಎಂಬುದನ್ನು ಬೇರ್ಪಡಿಸುವವರು ಯಾರು? ಈ ಡೌಲೆಂಡನು ತನ್ನ ಹಾಡಿನ ಪುಸ್ತಕಗಳಿಗೆ ಹೆಚ್ಚಾಗಿ ಆರಿಸಿಕೊಂಡದ್ದು ಚರಣ ಚರಣವಾಗಿ ಹಿಂದಿರುಗಿ ಬರುವ ಗೀತಗಳನ್ನು. ಅಷ್ಟು ಸುನೀತಗಳು ಸುಗ್ಗಿಯಂತೆ ಬೆಳೆದಿದ್ದ ಕಾಲದಲ್ಲಿ ಅವುಗಳ ಕಡೆಗೆ ಅವನು ಅಷ್ಟಾಗಿ ಕೈಚಾಚಲಿಲ್ಲ.

ಏಕೆಂಬುದನ್ನು ತಿಳಿಯಲು ನಾವು ಇಂಗ್ಲೆಂಡಿಗೆ ಹೋಗಬೇಕಾದ ಅಗತ್ಯವಿಲ್ಲ. ಕನ್ನಡದಲ್ಲಿಯೂ ಸುನೀತಗಳು ಸಮೃದ್ಧವಾಗಿ ಬೆಳೆದಿವೆ, ಕುವೆಂಪು ಅವರ ‘ಕೃತ್ತಿಕೆ’ಯಂಥ ಇಡಿಯ ಸಂಕಲನವೇ ಇದೆ, ಷೇಕ್ಸ್‌ಪಿಯರನ ಸುನೀತಗಳನ್ನು ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಕನ್ನಡಕ್ಕೆ ತಂದುಕೊಟ್ಟಿದ್ದಾರೆ. ಆದರೆ ನಮ್ಮ ಸುಗಮಸಂಗೀತದ ವೇದಿಕೆಯಲ್ಲಿ ಭಾವಗೀತೆಗಳು ಮೆರೆದಂತೆ ಸುನೀತಗಳು ಮೆರೆದದ್ದುಂಟೆ? ಹಾಡಿಗೆ ಪಲ್ಲವಿ ಬೇಕು. ಹೊರಗೆ ಎಷ್ಟು ತಿರುಗಿದರೂ ಮನೆಗೆ ಮರಳುವುದು ಅದರ ಧರ್ಮ. ಸುನೀತಕ್ಕೆ ಮರಳುವ ಮನೆಯೇ ಇಲ್ಲ. ಮೊದಲನೆಯ ಸಾಲನ್ನು ಆಡಿದ ಪ್ರೇಮಿ ಹದಿನಾಲ್ಕನೆಯದನ್ನು ಮುಟ್ಟುವ ಹೊತ್ತಿಗೆ ಬೇರೆಯವನಾಗಿರುತ್ತಾನೆ. ರುಜುವಾತುಪಡಿಸಿದ ಅಂಶವನ್ನು ಮತ್ತೆ ಮತ್ತೆ ರುಜುವಾತುಪಡಿಸುವ ವಕೀಲನನ್ನು ಯಾವ ನ್ಯಾಯಾಧೀಶನೂ ಸಹಿಸುವುದಿಲ್ಲ. ಆದ್ದರಿಂದ ಸುನೀತಕ್ಕೆ ಹಾಡಿಗಿಂತ ಓದು ಹೆಚ್ಚು ಸಹಜವಾದುದು. ಗಮಕಿಯು ಕುಮಾರವ್ಯಾಸನನ್ನು ವಾಚಿಸುವಾಗ ರಾಗವಿದ್ದರೂ ತಾಳದ ಕಟ್ಟಿಲ್ಲದೆ, ಪದವು ಎಲ್ಲಿ ಒಡೆಯಬೇಕೋ ಅಲ್ಲಿ ಒಡೆದು, ಅರ್ಥಕ್ಕೆ ಮೊದಲ ಮಣೆ ಹಾಕುವುದನ್ನು ಕೇಳಿ ಬೆಳೆದ ನಮಗೆ ಈ ನ್ಯಾಯವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಗಮಕಿಯಲ್ಲಿ ರಾಗವೂ ಅರ್ಥವೂ ಒಂದೇ ಕಂಠದಲ್ಲಿ ಕೂಡಿವೆ. ಲ್ಯೂಟಿನೊಡನೆ ನಡೆಯುವ ವಾಚನದಲ್ಲಿ ಅವು ಇಬ್ಬರಿಗೆ ಹಂಚಿಕೆಯಾಗಿವೆ, ಅಷ್ಟೆ.

ಹದಿನೆಂಟನೆಯ ಶತಮಾನದ ಉತ್ತರಾರ್ಧದ ಹೊತ್ತಿಗೆ ಲ್ಯೂಟು ಬಹುಮಟ್ಟಿಗೆ ಮೂಕವಾಗಿ, ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಕುಳಿತುಬಿಟ್ಟಿತ್ತು. ಲಂಡನ್ನಿನಲ್ಲಿ ಆರ್ನಲ್ಡ್ ಡಾಲ್ಮೆಚ್ ಎಂಬಾತನು 1893ರಲ್ಲಿ ಒಂದನ್ನು ಹೊಸದಾಗಿ ಕಟ್ಟಿದ ಮೇಲೆ ಅದರ ಪುನರ್ಜನ್ಮ. 2006ರಲ್ಲಿ ಸ್ಟಿಂಗ್ ಎಂಬ ಜನಪ್ರಿಯ ಗಾಯಕನು ಡೌಲೆಂಡನ ಹಾಡುಗಳ ಧ್ವನಿಮುದ್ರಿಕೆಯನ್ನು ಹೊರತಂದಾಗ, ಹಾಡುಗಳ ನಡುನಡುವೆ ಡೌಲೆಂಡನು 1595ರಲ್ಲಿ ಮಂತ್ರಿ ಸೆಸಿಲನಿಗೆ ಬರೆದ ಪತ್ರದ ಭಾಗಗಳನ್ನು ಓದಿದನು: ತಾನು ರಾಜದ್ರೋಹಿಯಲ್ಲವೆಂದು, ತನ್ನ ಮೇಲೆ ಕೃಪೆಯಿರಲೆಂದು, ದೂರದೇಶದಿಂದ ಬರೆದುಕೊಂಡ ಬಿನ್ನಹ. ಅದರಲ್ಲಿ ಪ್ರಣಯದ ಸುಳಿವೂ ಇಲ್ಲ. ಆದರೂ ಲ್ಯೂಟಿನ ಪಕ್ಕದಲ್ಲಿ ಅದು ಎಷ್ಟು ಚೆನ್ನಾಗಿ ನಿಂತಿತೆಂದರೆ, ಈ ವಾದ್ಯಕ್ಕೆ ಅರ್ಜಿಗಿಂತ ಒಪ್ಪುವ ಸಾಹಿತ್ಯ ಇನ್ನೊಂದಿಲ್ಲವೆಂದು ನನಗನ್ನಿಸಿತು.

ಕೇಳಿದ ವಾಚನಗಳೆಲ್ಲವೂ ಹೀಗೆ ಚೆನ್ನಾಗಿದ್ದುವೆಂದು ಹೇಳಲಾರೆ. ಕೆಲವು ನಟರು ಮೊದಲ ಸಾಲಿಗೇ ಗದ್ಗದಿತರಾಗಿ, ಎರಡನೆಯದಕ್ಕೆ ಉಸಿರನ್ನು ಕಂಪಿಸಿ, ತಂತಿ ಅಳುತ್ತಿರುವಾಗ ತಾವೂ ಅಳತೊಡಗುತ್ತಾರೆ. ಅಲ್ಲಿ ನಮಗೆ ದುಃಖ ಇಮ್ಮಡಿಯಾಗುವುದರ ಬದಲು ಕವಿಯ ಯುಕ್ತಿಯೇ ಕಾಣದಂತಾಗುತ್ತದೆ. ಎಂಟನೆಯ ಸಾಲಿನ ತಿರುವು ಎಲ್ಲಿ ಬಂತೆಂಬುದು ತಿಳಿಯುವುದಿಲ್ಲ. ಕೊನೆಯ ಎರಡು ಸಾಲಿನ ತೀರ್ಮಾನವು ತೀರ್ಮಾನದಂತೆ ಬೀಳುವುದಿಲ್ಲ. ಹೃದಯದ ಪಾಲನ್ನು ಮೀಟುವುದಕ್ಕೆ ಬೇರೊಬ್ಬನನ್ನು ನೇಮಿಸಿರುವಾಗ, ಬುದ್ಧಿಯ ಪಾಲನ್ನು ನಡೆಸುವುದೇ ಓದುಗನ ಕರ್ತವ್ಯ. ಅವನ ಕಂಠ ಒಣಗಿದ್ದಷ್ಟೂ ತಂತಿ ಒದ್ದೆಯಾಗಿ ಕೇಳಿಸುತ್ತದೆ. ಪ್ರೇಮಿಯು ಪ್ರಿಯೆಯ ಮುಂದೆ ನಿಂತಾಗ ಮಾತು ಒಂದನ್ನು ವಾದಿಸುತ್ತಿರುತ್ತದೆ, ಅದರ ಅಡಿಯಲ್ಲಿ ಬೇರೊಂದು ತನ್ನಷ್ಟಕ್ಕೆ ಕ್ಷೀಣವಾಗಿ ನುಡಿಯುತ್ತಿರುತ್ತದೆ. ಈ ಎರಡನ್ನೂ ಕಲಸದೆ ಬೇರೆ ಬೇರೆಯಾಗಿ ಕೇಳಿಸುವ ಏರ್ಪಾಡು ಇದಕ್ಕಿಂತ ಉತ್ತಮವಾದುದನ್ನು ನಾನು ಕಂಡಿಲ್ಲ. ಅಂಥ ಗದ್ಗದ ವಾಚನವೊಂದನ್ನು ಕೇಳಿ ಮುಗಿಸಿದ ಸಂಜೆ ನಮ್ಮ ವಕೀಲರು ತಮ್ಮ ಅಭಿಪ್ರಾಯವನ್ನು ಕೊಟ್ಟರು, ಅದಕ್ಕೆ ಮೇಲ್ಮನವಿ ಹೋಗುವ ಇಚ್ಛೆ ನನಗಿಲ್ಲ: “ಕಕ್ಷಿದಾರ ಅಳಬಹುದು ರಾಯರೇ, ಸಾಕ್ಷಿ ಅಳಬಹುದು. ವಕೀಲನೇ ಅಳೋಕೆ ಶುರುಮಾಡಿದರೆ ದಾವೆ ಖರ್ಚುಸಹಿತ ವಜಾ.”